ಮನೆ ಮಾರಾಟಕ್ಕೈತೆ

ನಮ್ಮನೆ ಗೇಟಿಗೆ ಬೋರ್ಡ್ ಕಟ್ಟಿ ನಾಲ್ಕು ತಿಂಗಳಾಯ್ತು. ತಗಡಿನ ಬೋರ್ಡು, ಹಳದಿ ಬಣ್ಣ, ಕೆಂಪಕ್ಷರದಲ್ಲಿ 'ಮನೆ ಮಾರಾಟಕ್ಕಿದೆ' ಅಂತ, ಕೆಳಗೆ ನಮ್ಮನೆಯವರ ಫೋನ್ ನಂಬರು. ಅವ್ರು ಅದನ್ನ ಕಟ್ಟುವಾಗ ನಾನು ಒಳಗೇ ಇದ್ದೆ, ಹೊರಗೆ ಬರ್ಲಿಲ್ಲ. ಮಾರನೇ ದಿನ ಬೆಳಿಗ್ಗೆ ರಂಗೋಲಿ ಹಾಕಕ್ಕೆ ಹೋದಾಗ ನೋಡಲೇಬೇಕಾಯ್ತು. ಬೋರ್ಡಿನ ಕೆಳಗೇ ಕೂತು ರಂಗೋಲಿ ಹಾಕ್ದೆ. ಮಾರೋ ಮನೆ ಆದ್ರೇನು, ಇರೋಗಂಟ ನಮ್ಮನೆ ತಾನೇ?

ಇದು ಹಿರೀಕರು ಕಟ್ಟಿದ ಮನೆ ಅಲ್ಲ. ನಮ್ಮ ಮಾವನೋರ ಮನೆ ಸಾಲಗಾಮೆಯಲ್ಲಿತ್ತು, ನಾಡಹೆಂಚಿನ ತೊಟ್ಟಿಮನೆ. ನಾನು ಮದುವೆಯಾಗಿ ಬಂದಾಗ ಮೂರು ಜನ ಅಣ್ಣತಮ್ಮಂದಿರು, ಮೂರು ಜನ ಓರಗಿತ್ತೀರು, ಮಕ್ಕಳುಮರಿ ಸೇರಿ ಹದಿನಾಲ್ಕು ತಲೆ. ಒಂದೇ ಒಲೆ. 2016ರಲ್ಲಿ ಪಾಲಾಯ್ತು. ಜಗಳ ಅಂತ ಏನೂ ಆಗ್ಲಿಲ್ಲ, ಮಕ್ಕಳು ದೊಡ್ಡೋರಾದ್ರು, ಅಷ್ಟೇಯ. ಹಳೇ ಮನೆ ದೊಡ್ಡ ಭಾವನವರ ಪಾಲಿಗೆ ಹೋಯ್ತು. ನಮ್ಮ ಪಾಲಿಗೆ ಬಂದ ಹೊಲದಲ್ಲಿ ಒಂದಿಷ್ಟು ಮಾರಿ, ನಮ್ಮನೆಯವರ ನಿವೃತ್ತಿ ದುಡ್ಡು ಸೇರಿಸಿ, ಊರಿಂದ ಒಂಚೂರು ದೂರದಲ್ಲಿ ಹೊಸದಾಗಿ ಮಾಡಿದ್ದ ಈ ಲೇಔಟ್‌ನಲ್ಲಿ ಹತ್ತು ಗುಂಟೆ ತಗೊಂಡ್ವಿ. 2019ರ ವೈಶಾಖದಲ್ಲಿ ಗೃಹಪ್ರವೇಶ.

ಲೇಔಟ್ ಹೆಸರು ಹೇಳಲ್ಲ. ಇಂಥವು ಈಗ ಹಾಸನದ ಸುತ್ತಮುತ್ತ, ಸಕಲೇಶಪುರದ ದಾರೀಲಿ, ಚನ್ನರಾಯಪಟ್ಟಣದ ಹೈವೇ ಪಕ್ಕ ಎಲ್ಲಾ ಕಡೆ ಕಾಣ್ತವೆ. 'ಹಳ್ಳಿ ಬದುಕು, ಪ್ಯಾಟೆ ಸೌಕರ್ಯ' ಅನ್ನೋ ಥರದ ಮಾತು ಬೋರ್ಡ್ ಮೇಲಿರ್ತದೆ. ನಮ್ಮ ಲೇಔಟ್‌ಗೆ ಹದಿನಾಲ್ಕು ಎಕರೆ, ನಲವತ್ತೆರಡು ತಾಕು. ಗೇಟಿನ ಎರಡೂ ಕಡೆ ಗಾಡಿ ಚಕ್ರ ನಿಲ್ಲಿಸವ್ರೆ. ಒಳಗೆ ಒಂದು ಮರದ ನೇಗಿಲಿಗೆ ವಾರ್ನಿಷ್ ಹೊಡೆದು ಸಿಮೆಂಟ್ ಕಟ್ಟೆ ಮೇಲೆ ಕೂರಿಸವ್ರೆ. ರಸ್ತೆಗಳಿಗೆಲ್ಲಾ ಧಾನ್ಯದ ಹೆಸರು: ರಾಗಿ ಬೀದಿ, ಅವರೆ ಬೀದಿ, ಹುರುಳಿ ಬೀದಿ. ನಮ್ದು ನವಣೆ ಬೀದಿ. ನಾನು ಈ ಭಾಗದಲ್ಲಿ ನವಣೆ ಬೆಳೆದಿದ್ದು ಕಂಡಿಲ್ಲ, ಆದ್ರೂ ಹೆಸರು ಚೆನ್ನಾಗೈತೆ ಅಂತ ಖುಷಿಯಾಗಿದ್ದೆ.

ಈ ಜಾಗದಲ್ಲಿ ಮೊದಲು ಬೆಳೀತಿದ್ದುದು ಆಲೂಗೆಡ್ಡೆ. ಹಾಸನದ ಮಾರ್ಕೆಟ್ಟಿಗೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರೀಲಿ ಬಿತ್ತನೆಗಡ್ಡೆ ಬರೋದು. ಮೇ ತಿಂಗಳ ಮಳೆ ಬಿದ್ದ ತಕ್ಷಣ ಮನೆಮನೆ ಜಗುಲಿ ಮೇಲೂ ಹೆಂಗಸರು ಕುಡುಗೋಲು ಹಿಡ್ಕಂಡು ಕೂತು, ಕಣ್ಣು ನೋಡಿ ನೋಡಿ ಗಡ್ಡೆ ಹೆಚ್ಚೋದು. ಒಂದೊಂದು ಹೋಳಲ್ಲೂ ಎರಡು ಕಣ್ಣಾದ್ರೂ ಇರಬೇಕು. ಇದೇ ಹೊಲಕ್ಕೆ ನಾನೂ ನನ್ನ ದೊಡ್ಡ ಓರಗಿತ್ತಿ ಅಕ್ಕನೂ ಮುಯ್ಯಾಳಾಗಿ ಬಂದಿದ್ವಿ. ಮುಯ್ಯಿ ಅಂದ್ರೆ ಕೂಲಿ ಅಲ್ಲ. ಇವತ್ತು ನಾನು ನಿಮ್ಮ ಹೊಲಕ್ಕೆ ಬಂದ್ರೆ ನಾಳೆ ನೀವು ನಮ್ಮ ಹೊಲಕ್ಕೆ ಬರಬೇಕು. ಆಮೇಲಾಮೇಲೆ ಅಂಗಮಾರಿ ರೋಗ ಬಂದು ಗಿಡ ಗಿಡವೇ ಕರಗಿ ಹೋಗೋದು ಜಾಸ್ತಿಯಾಯ್ತು. ಔಷಧಿ ಹೊಡೆದು ಹೊಡೆದು ಜನ ಸೋತರು. ಕೆಲವರು ಮೆಕ್ಕೆಜೋಳಕ್ಕೆ ಹೋದ್ರು, ಕೆಲವರು ಶುಂಠಿಗೆ ಹೋದ್ರು. ಈ ಹೊಲದೋರು ಮಾರ್ಬಿಟ್ರು.

ಮನೆ ನೋಡಕ್ಕೆ ಬರೋರೆಲ್ಲ ಮೊದಲು ಕೇಳೋದು ಕಾಗದಪತ್ರ. ಹಂಗಾಗಿ ನಾಲ್ಕು ತಿಂಗಳಲ್ಲಿ ನಾನೂ ಅರ್ಧ ವಕೀಲಳಾಗಿದೀನಿ. ಒಂದು ಗುಂಟೆಗೆ 1,089 ಚದರ ಅಡಿ, ಹತ್ತು ಗುಂಟೆಗೆ 10,890. ಹೊಲದಲ್ಲಿ ಹಿಂಗೆ ತಾಕು ಮಾಡಿ ಮನೆ ಕಟ್ಟಿ ಮಾರಬೇಕು ಅಂದ್ರೆ 1964ರ ಭೂಕಂದಾಯ ಕಾಯ್ದೆ 95ನೇ ಕಲಂ ಪ್ರಕಾರ ಭೂಪರಿವರ್ತನೆ ಆಗಬೇಕು, ಅದನ್ನೇ ನಾವು ಅಲಿನೇಷನ್ ಅನ್ನೋದು. ಅದಾದ್ಮೇಲೆ ಪಂಚಾಯ್ತೀಲಿ ಇ-ಸ್ವತ್ತು, ಫಾರಂ 9, ಫಾರಂ 11. ನಮ್ದು ಎಲ್ಲಾ ಸರಿಯಾಗಿದೆ. ತಗೊಳ್ಳುವಾಗ ನಮ್ಮನೆಯವರು ಮೂರು ಸಲ ತಾಲ್ಲೂಕ್ ಆಫೀಸಿಗೆ ಅಲೆದು ನೋಡ್ಕಂಡಿದ್ರು. ಕೆಲವು ಕಡೆ ಅಲಿನೇಷನ್ನೇ ಮಾಡಿಸ್ದೆ ಗುಂಟೆ ಲೆಕ್ಕದಲ್ಲಿ ಮಾರ್ತಾರೆ. ಅಂಥಾ ಕಡೆ ಸರಿಯಾದ ಖಾತೆ ಆಗೋದೂ ಕಷ್ಟ, ಬ್ಯಾಂಕಿನೋರು ಸಾಲ ಕೊಡೋದೂ ಕಷ್ಟ. ತಗೊಳ್ಳೋರು ಇದೊಂದನ್ನ ಮೊದಲು ನೋಡ್ಕಳಿ.

ಮೊನ್ನೆ ಕಾಗದ ಜೋಡಿಸಿಡುವಾಗ ಒಂದು ವಿಷಯ ಹೊಳೀತು. ಇದು ಹೊಲ ಆಗಿದ್ದಾಗ ಪಹಣೀಲಿ ಬೆಳೆ ಕಾಲಂ ಇತ್ತು, ಅಲ್ಲಿ ಆಲೂಗೆಡ್ಡೆ, ರಾಗಿ ಅಂತ ಬರೀತಿದ್ರು. ಆಗ ಯಾರೂ ಗೇಟಿಗೆ ಬೋರ್ಡ್ ಹಾಕಿರ್ಲಿಲ್ಲ. 'ಇದು ಇನ್ಮೇಲೆ ಹೊಲ ಅಲ್ಲ' ಅಂತ ಸರ್ಕಾರದೋರು ಬರೆದುಕೊಟ್ಟ ಮೇಲೆ ಹೊಲದ ಹೆಸರು ಬೋರ್ಡ್ ಮೇಲೆ ಬಂತು. ನಮ್ಮನೆಯವರಿಗೆ ಹೇಳ್ದೆ. "ನಿಂಗೆ ಈಗ ಹೊಳೀತಾ?" ಅಂದ್ರು.

ನಮ್ಮತ್ತೆಗೆ ಮೊದಲನೇ ದಿನವೇ ಹೊಳೆದಿತ್ತು. ಗೃಹಪ್ರವೇಶದ ಮಾರನೇ ದಿನ ಬೆಳಿಗ್ಗೆ ಕೋಲೂರ್ಕಂಡು ಮನೆ ಸುತ್ತಾ ಒಂದು ಸುತ್ತು ಬಂದ್ರು. ಬಂದು ಜಗುಲಿ ಮೇಲೆ ಕೂತು, "ಅಲ್ಲಾ ಕಣವ್ವ, ತಿಪ್ಪೆ ಎಲ್ಲೈತೆ?" ಅಂದ್ರು.

ತಿಪ್ಪೆ ಹಾಕಂಗಿಲ್ಲ ಅತ್ತೆ, ಇಲ್ಲಿ ರೂಲ್ಸ್ ಐತೆ ಅಂದೆ. ದನ ಕಟ್ಟಂಗಿಲ್ಲ, ಕೋಳಿ ಸಾಕಂಗಿಲ್ಲ, ಸೌದೆ ಒಲೆ ಹೊರಗೆ ಉರಿಸಂಗಿಲ್ಲ, ಬಟ್ಟೆ ರಸ್ತೆಗೆ ಕಾಣೋ ಹಂಗೆ ಒಣಗಾಕಂಗಿಲ್ಲ. ದನ ನೋಡಬೇಕು ಅಂದ್ರೆ ಗೇಟ್ ಹತ್ರ ಒಂದು ಕೊಟ್ಟಿಗೆ ಮಾಡವ್ರೆ, ಅಲ್ಲಿ ಎರಡು ಗಿರ್ ಹಸು ಅವೆ, ಮಕ್ಕಳು ಹೋಗಿ ಫೋಟೋ ತೆಗೆಸ್ಕಬಹುದು ಅಂದೆ. ಅತ್ತೆ ಸುಮಾರು ಹೊತ್ತು ಸುಮ್ಮನಿದ್ರು. ಆಮೇಲೆ "ತಿಪ್ಪೆ ಇಲ್ದಿದ್ರೆ ದೀಪಾವಳೀಲಿ ದೀಪ ಎಲ್ಲಿಕ್ಕೀಯೇ?" ಅಂತ ಕೇಳಿದ್ರು. ನಮ್ಮಲ್ಲಿ ದೀಪಾವಳಿಗೆ ಬಾಗಿಲಿಗೆ, ಕೊಟ್ಟಿಗೆಗೆ ಇಟ್ಟಂಗೆ ತಿಪ್ಪೆಗೂ ಒಂದು ದೀಪ ಇಡಬೇಕು. ಆ ವರ್ಷ ಅತ್ತೆ ಕರಿಬೇವಿನ ಗಿಡದ ಬುಡದಲ್ಲಿ ನಾನು ಗುಟ್ಟಾಗಿ ತರಕಾರಿ ಸಿಪ್ಪೆ ಹಾಕ್ತಿದ್ದ ಗುಂಡಿಗೆ ದೀಪ ಇಟ್ರು. ಇನ್ನೂ ಎರಡು ದೀಪಾವಳಿಗೆ ಅಲ್ಲೇ ಇಟ್ರು. ಆಮೇಲಿಂದ ನಾನು ಇಡ್ತಾ ಇದೀನಿ.

ಸುಳ್ಳು ಯಾಕೆ ಹೇಳ್ಲಿ, ಮೊದಲ ಎರಡು ವರ್ಷ ಹಬ್ಬದಂಗಿತ್ತು. ತೊಟ್ಟಿಮನೇಲಿ ಇಪ್ಪತ್ತೈದು ವರ್ಷ ಹೊಗೆ ಕುಡಿದೋಳಿಗೆ ನನ್ನದೇ ಅಂತ ಒಂದು ಅಡುಗೆಮನೆ, ಕಿಟಕಿ ಪಕ್ಕ ಸಿಂಕು. ಕೊರೋನಾ ಬಂದಾಗ ಮಗ ಸೊಸೆ ಬೆಂಗಳೂರಿಂದ ಬಂದು ಒಂಬತ್ತು ತಿಂಗಳು ಇಲ್ಲೇ ಇದ್ದು ಕಂಪ್ಯೂಟರಲ್ಲಿ ಕೆಲಸ ಮಾಡಿದ್ರು. ಮೊಮ್ಮಗಳು ಇಲ್ಲೇ ನಡೆಯೋದು ಕಲಿತಿದ್ದು. ಹಿಂದೆ ಒಂದು ಸಾಲು ಅವರೆ ಹಾಕಿದ್ದೆ. ಧನುರ್ಮಾಸದ ಮಂಜಲ್ಲಿ ಸೊಗಡವರೆಕಾಯಿ ಕಿತ್ಕಂಡು ಬಂದು, ಬಿಸಿನೀರಲ್ಲಿ ನೆನೆಸಿ ಹಿತುಕಿ ಸಾರು ಮಾಡ್ತಿದ್ದೆ. ಪಕ್ಕದ ತಾಕಿನೋರೂ ಆಗ ಇರೋರು. ನಲವತ್ತೆರಡು ತಾಕಲ್ಲಿ ಹನ್ನೊಂದು ಮನೆ ಎದ್ದಿದ್ವು, ರಾತ್ರಿ ಎಲ್ಲಾದ್ರಲ್ಲೂ ದೀಪ ಕಾಣೋದು. ಲಾಕ್‌ಡೌನ್ ಮುಗಿದ ಮೇಲೆ ಒಂದೊಂದೇ ದೀಪ ಆರ್ತಾ ಬಂತು. ಈಗ ದಿನಾ ದೀಪ ಹಚ್ಚೋದು ಮೂರೇ ಮನೆ. ಉಳಿದೋರು ವರ್ಷಕ್ಕೆ ಎರಡು ಸಲ ಕಾರಲ್ಲಿ ಬಂದು, ಬೀಗ ತೆಗೆದು, ಜೇಡರಬಲೆ ಹೊಡೆದು, ಮಾಂಸ ಸುಟ್ಕಂಡು ತಿಂದು ಹೋಗ್ತಾರೆ. ಒಳ್ಳೇ ಜನವೇ. ಆದ್ರೆ ಒಂದು ಬಟ್ಟಲು ಹೆಪ್ಪು ಬೇಕು ಅಂದ್ರೆ ಯಾರ ಬಾಗಿಲು ತಟ್ಟಲಿ? ಆ ಎರಡು ಹಸೂನೂ ಸಾಕೋಕಾಗದೆ ಯಾರಿಗೋ ಕೊಟ್ಬಿಟ್ರು. ಕೊಟ್ಟಿಗೇಲಿ ಈಗ ಹುಲ್ಲು ಕತ್ತರಿಸೋ ಮಿಷನ್ ಇಟ್ಟವ್ರೆ.

2022ರ ಶ್ರಾವಣದಲ್ಲಿ ಅತ್ತೆ ತೀರ್ಕಂಡ್ರು. ನಡುಮನೇಲಿ, ಅವರ ಮಂಚದ ಮೇಲೆ, ಬೆಳಗಿನ ಜಾವ. ನೋವು ನರಳಾಟ ಏನೂ ಇಲ್ಲದ ಸಾವು. ಆದ್ರೆ ಆವತ್ತಿನ ದಿನ ನಾನು ಮರೆಯಂಗಿಲ್ಲ.

ಸಾಲಗಾಮೆಯಿಂದ ಟೆಂಪೋ ಮಾಡ್ಕಂಡು ಜನ ಬಂದ್ರು. ಗೇಟಲ್ಲಿ ವಾಚ್‌ಮನ್ ಹುಡುಗ ತಡೆದ. ಅವನ ತಪ್ಪಲ್ಲ, ಅವನಿಗೆ ಕೊಟ್ಟಿದ್ದ ರೂಲ್ಸು ಅದು. ಹೆಸರು, ಫೋನ್ ನಂಬರು, ಗಾಡಿ ನಂಬರು, ಯಾವ ಮನೆಗೆ, ಯಾಕೆ ಬಂದಿದ್ದು, ಎಲ್ಲಾ ಪುಸ್ತಕದಲ್ಲಿ ಬರೀಬೇಕು. ಒಳಗಿಂದ ನಂಗೆ ಗೇಟಿನಾಚೆ ಅಳು ಕೇಳ್ತಿದೆ, ಜನ ಬರ್ತಿಲ್ಲ. ಓಡಿ ಹೋಗಿ ನೋಡ್ತೀನಿ, ನಮ್ಮ ಓರಗಿತ್ತಿ ಅಕ್ಕ, ಎಪ್ಪತ್ತರ ಹತ್ರದೋಳು, ಅಳ್ತಾ ಅಳ್ತಾನೇ ಆ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಕ್ಕೆ ಇಂಕ್ ಕೇಳ್ತಾವ್ಳೆ. "ಯಾಕೆ ಬಂದಿದ್ದು" ಅನ್ನೋ ಜಾಗದಲ್ಲಿ ಆ ಹುಡುಗ 'ವಿಸಿಟ್' ಅಂತ ಬರೆದಿದ್ದ.

ಆಮೇಲೆ ಮಣ್ಣು ಮಾಡೋ ಮಾತು ಬಂತು. ನಮ್ಮಲ್ಲಿ ಹೊಲದಲ್ಲೇ ಮಣ್ಣು ಮಾಡೋದು. ಮಾವನೋರನ್ನೂ ಹಂಗೇ ಮಾಡಿದ್ದು. ಆದ್ರೆ ಇದು ಹೊಲ ಅಲ್ವಲ್ಲ. ಲೇಔಟಿನ ಕಾಗದದಲ್ಲಿ ಮನೆ ಕಟ್ಟೋ ಜಾಗ, ರಸ್ತೆ, ಪಾರ್ಕು, ನೀರಿನ ಟ್ಯಾಂಕು ಎಲ್ಲಕ್ಕೂ ಲೆಕ್ಕ ಇತ್ತು. ಸತ್ತೋರಿಗೆ ಮೂರಡಿ ಆರಡಿ ಯಾರೂ ಬರೆದಿರ್ಲಿಲ್ಲ. ದೊಡ್ಡ ಭಾವನವರು ಒಂದೂ ಮಾತಾಡದೆ, "ನಮ್ಮ ಹೊಲಕ್ಕೇ ತಗಂಡೋಗನ, ಅಪ್ಪನ ಪಕ್ಕದಲ್ಲೇ ಜಾಗ ಐತೆ" ಅಂದ್ರು. ಅತ್ತೆ ಬಂದ ದಾರೀಲೇ ಟೆಂಪೋದಲ್ಲಿ ವಾಪಸ್ ಹೋದ್ರು. ಗೇಟಲ್ಲಿ ಹುಡುಗ ಔಟ್ ಟೈಮ್ ಬರ್ಕೊಂಡ.

ಅವತ್ತೇ ನನ್ನ ಮನಸ್ಸು ಈ ಮನೆಯಿಂದ ಅರ್ಧ ಎದ್ದುಹೋಯ್ತು. ಬಾಯಿ ಬಿಟ್ಟು ಹೇಳಿರ್ಲಿಲ್ಲ ಅಷ್ಟೇ.

ಇನ್ನರ್ಧ ಎದ್ದಿದ್ದು ನೀರಿಗೆ. 2023ರಲ್ಲಿ ಮಳೆ ಕೈಕೊಟ್ಟಿದ್ದು ನಿಮಗೆಲ್ಲಾ ನೆನಪಿರ್ತದೆ, ರಾಜ್ಯದ 236 ತಾಲ್ಲೂಕಲ್ಲಿ 223ನ್ನ ಬರ ಅಂತ ಘೋಷಣೆ ಮಾಡಿದ್ರು. 2024ರ ಮಾರ್ಚ್ ಹೊತ್ತಿಗೆ ನಮ್ಮ ಲೇಔಟಿನ ಬೋರ್‌ವೆಲ್ ಗಾಳಿ ಉಗುಳಕ್ಕೆ ಶುರು ಮಾಡ್ತು. ಗೇಟ್ ಹತ್ರದ ಹುಲ್ಲುಹಾಸಿಗೆ ಮಾತ್ರ ನೀರು ಬಿಡ್ತಿದ್ರು, ಸೈಟು ನೋಡಕ್ಕೆ ಬರೋರಿಗೆ ಹಸಿರು ಕಾಣಬೇಕಲ್ಲ. ನಾವು ಟ್ಯಾಂಕರ್ ಹಾಕಿಸ್ಕಂಡ್ವಿ. ನನ್ನ ಸೀಬೆ ಗಿಡಕ್ಕೆ ಪಾತ್ರೆ ತೊಳೆದ ನೀರೇ ಗತಿಯಾಯ್ತು. ಹೋದ ವರ್ಷ ನಮ್ಮನೆಯವರಿಗೆ ಎರಡೂ ಕಣ್ಣಿನ ಪೊರೆ ತೆಗೆಸಿದ್ದು, ಕತ್ತಲಾದ ಮೇಲೆ ಅವ್ರು ಸ್ಕೂಟರ್ ಓಡಿಸಂಗಿಲ್ಲ. ಬಸ್ಸು ಬೇಕಂದ್ರೆ ಮೂರು ಕಿಲೋಮೀಟರ್ ನಡೀಬೇಕು. ಒಂದು ರಾತ್ರಿ ಅವರಿಗೆ ಎದೆ ಹಿಡಿದಂಗಾಯ್ತು. ಗ್ಯಾಸು ಅಷ್ಟೇ. ಆದ್ರೆ ಆ ಎರಡು ಗಂಟೆ ನಾನು ಫೋನ್ ಹಿಡ್ಕಂಡು ಗೇಟಿಗೂ ಮನೆಗೂ ಓಡಾಡಿದ್ದು ನಂಗೇ ಗೊತ್ತು. ಬೆಳಗಾದ ಮೇಲೆ ಅವರೇ ಅಂದ್ರು, "ಸಾಕು ಕಣೆ. ಮಾರಿ ಊರೊಳಗೆ ಎಲ್ಲಾದ್ರೂ ಎರಡು ರೂಮಿನ ಮನೆ ನೋಡನ."

ಮಾರೋದು ತಗೊಂಡಷ್ಟು ಸುಲಭ ಅಲ್ಲ. ನಾವು ತಗೊಂಡಾಗ ಪ್ಯಾಟೆಯೋರಿಗೆ ಹಳ್ಳೀಲಿ ಜಾಗ ಬೇಕಂದ್ರೆ ಇಂಥಾ ಅಲಿನೇಷನ್ ಆದ ಲೇಔಟೇ ದಾರಿ. ವ್ಯವಸಾಯಗಾರರಲ್ಲದೋರು ಹೊಲ ತಗೊಳ್ಳಕ್ಕೆ ಭೂಸುಧಾರಣಾ ಕಾಯ್ದೇಲಿ ತಡೆ ಇತ್ತು. 2020ರಲ್ಲಿ ಆ 79ಎ, 79ಬಿ ಕಲಂ ತೆಗೆದು ಹಾಕಿದ್ರು. ಈಗ ಯಾರು ಬೇಕಾದ್ರೂ ನೇರವಾಗಿ ಹೊಲಾನೇ ತಗೋಬಹುದು. ಬಂದೋರು ನಮ್ಮ ಬೆಲೆ ಕೇಳಿ, "ಈ ದುಡ್ಡಿಗೆ ಆಚೆ ಕಡೆ ಎಕರೆಗಟ್ಲೆ ಬರ್ತದಲ್ಲ" ಅಂತಾರೆ. ಹೌದು ಸ್ವಾಮಿ ಬರ್ತದೆ, ಉಳೋರು ಯಾರು ಅಂತ ಕೇಳ್ಬೇಕು ಅನ್ನಿಸ್ತದೆ, ಕೇಳಲ್ಲ.

ಬಂದೋರಲ್ಲಿ ಎಂಥೆಂಥೋರು! ಒಬ್ರು ದಿಕ್ಸೂಚಿ ತಂದು ಬಚ್ಚಲಲ್ಲೆಲ್ಲಾ ಇಟ್ಟು ನೋಡಿ, ಅಡುಗೆಮನೆ ಒಡೆದು ಆ ಕಡೆ ಕಟ್ಟಬೇಕು ಅಂದ್ರು. ಒಂದು ಜೋಡಿ ಮನೆ ನೋಡಿದ್ದಕ್ಕಿಂತ ಹಿತ್ತಿಲ ಒರಳುಕಲ್ಲಿನ ಮುಂದೆ ಕುಣಿದು ವಿಡಿಯೋ ತೆಗೆದದ್ದೇ ಜಾಸ್ತಿ. ಬ್ರೋಕರ್ ಒಬ್ರು ನನ್ನ ಪಕ್ಕಕ್ಕೆ ಕರೆದು, "ಅಮ್ಮ, ಬಂದೋರ ಮುಂದೆ ನೀರಿನ ಮಾತು ಎತ್ಬೇಡಿ. ಅಜ್ಜಿ ಇಲ್ಲಿ ತೀರ್ಕಂಡಿದ್ದನ್ನೂ ಹೇಳ್ಬೇಡಿ" ಅಂತ ಪಾಠ ಹೇಳ್ಕೊಟ್ಟರು. ನಮ್ಮನೆಯವರೂ ತಲೆ ಆಡಿಸಿದ್ರು.

ಎರಡು ವಾರದ ಕೆಳಗೆ ಭಾನುವಾರ ಒಂದು ದಂಪತಿ ಬಂದ್ರು. ಬೆಂಗಳೂರಲ್ಲಿ ಮೂವತ್ತು ವರ್ಷ ಇದ್ದೋರು, ಆ ಹೆಣ್ಣುಮಗಳ ತೌರು ಅರಕಲಗೂಡು ಕಡೆ. ಗಂಡಸರಿಬ್ರೂ ಕಾಗದ ಹರವ್ಕಂಡು ಕೂತ್ರು. ಆಕೆ ನನ್ನ ಜೊತೆ ಹಿತ್ತಿಲಿಗೆ ಬಂದ್ರು. ಕರಿಬೇವಿನ ಗಿಡದ ಹತ್ರ ನಿಂತು, ಆ ಸಿಪ್ಪೆ ಗುಂಡಿ ನೋಡಿ, "ಓ, ತಿಪ್ಪೆ ಮಡಗಿದೀರಾ!" ಅಂದ್ರು. ಆರು ವರ್ಷದಲ್ಲಿ ಅದನ್ನ ತಿಪ್ಪೆ ಅಂದೋರು ನಮ್ಮತ್ತೆ ಬಿಟ್ರೆ ಇವರೇ. ನಂಗೆ ಗಂಟಲು ಕಟ್ತು.

ಆಮೇಲೆ ಆಕೆ ಮೆಲ್ಲಗೆ ಕೇಳಿದ್ರು, "ಅಕ್ಕಾ, ದುಡ್ಡಿನ ಮಾತು ಅವ್ರು ಆಡ್ಲಿ. ನೀವು ನಿಜ ಹೇಳಿ, ಇಲ್ಲಿ ಇರಬಹುದಾ?"

ಹೇಳ್ಬಿಟ್ಟೆ. ಮನೆ ಗಟ್ಟಿ ಐತೆ, ಒಂದು ಹನಿ ಸೋರಲ್ಲ ಅಂದೆ. ಕಾಗದ ಸರಿ ಐತೆ ಅಂದೆ. ಬೇಸಿಗೇಲಿ ನೀರು ಕಷ್ಟ, ಬರೋಹಂಗಿದ್ರೆ ಮೊದಲು ಮಳೆನೀರಿಗೆ ಒಂದು ದೊಡ್ಡ ತೊಟ್ಟಿ ಕಟ್ಟಿಸ್ಕಳಿ, ಸೂರಿನ ನೀರೆಲ್ಲಾ ಸುಮ್ನೆ ಮೋರಿಗೆ ಹೋಗ್ತದೆ ಅಂದೆ. ಕಾರು ಓಡಿಸೋರು ಒಬ್ರು ಮನೇಲಿ ಇರಲೇಬೇಕು ಅಂದೆ. ಅತ್ತೆ ಇದೇ ನಡುಮನೇಲಿ ತೀರ್ಕಂಡ್ರು, ಹೂವು ಎತ್ತಿದಂಗೆ ಹೋದ್ರು ಅಂದೆ. ಕಡೇಲಿ, "ನೀವೊಬ್ರೇ ಬರಬೇಡಿ. ನಿಮ್ಮ ಅಕ್ಕತಂಗೀರೋ ಸ್ನೇಹಿತರೋ ಇನ್ನೂ ಎರಡು ಮೂರು ಮನೆಯೋರನ್ನ ಕರ್ಕಂಡು ಬನ್ನಿ. ಖಾಲಿ ತಾಕು ಬೇಕಾದಷ್ಟವೆ. ಹೊಲ ನೋಡಿ ಬರೋದಲ್ಲ ಇದು, ಮುಯ್ಯಿಗೆ ಜನ ಅವ್ರಾ ಅಂತ ನೋಡಿ ಬರಬೇಕು" ಅಂದೆ.

ಆಕೆ ಏನೂ ಅನ್ನಲಿಲ್ಲ. ಹೋಗುವಾಗ ಕರಿಬೇವಿನ ಸೊಪ್ಪು ಎರಡು ಕಡ್ಡಿ ಕೇಳಿ ಇಸ್ಕಂಡ್ರು.

ಅವ್ರ ಕಾರು ತಿರುಗಿದ್ದೇ ತಡ, ನಮ್ಮನೆಯವರು ಕೇಳಿದ್ರು, "ಏನ್ ಹೇಳ್ದೆ?" ಹೇಳಿದ್ದೆಲ್ಲಾ ಹೇಳ್ದೆ. ಎರಡು ದಿನ ಮಾತು ಬಿಟ್ರು. ಮೂರನೇ ದಿನ ಊಟಕ್ಕೆ ಕೂತಾಗ, "ನಾವು ತಗೊಳ್ಳುವಾಗ ನಮಗೆ ಯಾರಾದ್ರೂ ಹಂಗೆ ಹೇಳಿದ್ರಾ?" ಅಂತ ಕೇಳಿದ್ರು. ಸಿಟ್ಟಲ್ಲಿ ಕೇಳಿದ್ದೋ ಬೇರೆ ಥರ ಕೇಳಿದ್ದೋ ನಂಗೆ ಗೊತ್ತಾಗ್ಲಿಲ್ಲ. "ಇಲ್ಲ, ಅದ್ಕೇ ಹೇಳ್ದೆ" ಅಂದೆ. ಅವ್ರು ಇನ್ನೊಂದು ಮುದ್ದೆ ಹಾಕಿಸ್ಕಂಡ್ರು. ನಮ್ಮನೇಲಿ ರಾಜಿ ಆಗೋದು ಹಂಗೇಯ.

ಮೊನ್ನೆ ಆಕೆ ನನ್ನ ಫೋನಿಗೇ ಮಾಡಿದ್ರು. ತಗೋತೀವಿ ಅಂತಾನೂ ಹೇಳ್ಲಿಲ್ಲ, ಬೇಡ ಅಂತಾನೂ ಹೇಳ್ಲಿಲ್ಲ. "ಅಕ್ಕಾ, ಆ ಮಳೆನೀರಿನ ತೊಟ್ಟಿ ಎಷ್ಟು ದೊಡ್ಡದು ಕಟ್ಟಿಸಬೇಕಾಗ್ತದೆ?" ಅಂತ ಕೇಳಿದ್ರು. ನಮ್ಮ ಯಜಮಾನ್ರಿಗೆ ಫೋನ್ ಕೊಟ್ಟೆ. ಅವ್ರು ಸೂರಿನ ಅಳತೆ, ಪೈಪಿನ ಅಳತೆ ಎಲ್ಲಾ ಸಾವಧಾನವಾಗಿ ಹೇಳ್ತಾ ಅರ್ಧ ಗಂಟೆ ಮಾತಾಡಿದ್ರು. ಬೆಲೆ ಮಾತು ಇಬ್ರೂ ಎತ್ತಲಿಲ್ಲ.

ಊರೊಳಗೆ ಮನೆ ನೋಡ್ತಾ ಇದೀವಿ. ದೊಡ್ಡ ಭಾವನವರ ಬೀದೀಲೇ ಒಂದು ಶೀಟಿನ ಮನೆ ಖಾಲಿ ಐತೆ. ಹಿತ್ತಿಲು ಅಂತ ಏನಿಲ್ಲ, ಆದ್ರೆ ಪಕ್ಕದ ಮನೇಲಿ ಎರಡು ಹಸು ಅವೆ, ಎದುರಿಗೇ ತಿಪ್ಪೆ. ಅಕ್ಕ ಹೋಗಿ ನೋಡ್ಕಂಡು ಬಂದು, "ವಾಸನೆ ಹೊಡೀತದೆ ಕಣೆ, ನೀನೀಗ ಪ್ಯಾಟೆಯೋಳಾಗಿದೀಯ, ಇರಕ್ಕಾಯ್ತದಾ?" ಅಂತ ರೇಗಿಸಿದ್ಲು. ಆಯ್ತದೆ ಅಂದೆ.

ಅಲ್ಲೀಗಂಟ ಈ ಮನೆ ಮಾರಾಟಕ್ಕೈತೆ. ನವಣೆ ಬೀದಿ, ಹತ್ತು ಗುಂಟೆ, ಒಂದು ಸೀಬೆ, ಒಂದು ಕರಿಬೇವು. ನೋಡೋರು ಬಂದು ನೋಡಬಹುದು. ಕಾಫಿ ಕೊಡ್ತೀನಿ, ಕೇಳಿದ್ದಕ್ಕೆ ನಿಜ ಹೇಳ್ತೀನಿ. ಗೇಟಲ್ಲಿ ಆ ಹುಡುಗ ಯಾಕೆ ಬಂದಿದ್ದು ಅಂತ ಕೇಳ್ತಾನೆ, ಬೇಜಾರು ಮಾಡ್ಕಬೇಡಿ.